ಎಡಗೆನ್ನೆಯ ನೆರಳು

ಓಬಕ್ಕ ಈಚೀಚೆಗೆ ಗಂಡನ ಮುಂದೆ ನೆಟ್ಟಗೆ ಕೂರುವುದನ್ನೇ ಬಿಟ್ಟಿದ್ದಳು. ಊಟಕ್ಕಿಡುವಾಗ, ಮಾತ್ರೆ ಕೊಡುವಾಗ, ಸುಮ್ಮನೆ ಪಡಸಾಲೆಯಲ್ಲಿ ಜೊತೆಗೆ ಕೂತಾಗಲೂ ಎಡಗೆನ್ನೆಗೆ ಸೆರಗು ಎಳೆದುಕೊಂಡು ಬಲಗೆನ್ನೆಯನ್ನಷ್ಟೇ ಅವನ ಕಡೆ ತಿರುಗಿಸುತ್ತಿದ್ದಳು. ಐವತ್ತು ದಾಟಿದ ಹೆಂಗಸು ಹೊಸ ಮದುಮಗಳ ಹಾಗೆ ಓರೆಯಾಗಿ ಕೂರುವುದನ್ನು ಬೇರೆ ಯಾರಾದರೂ ನೋಡಿದ್ದರೆ ನಕ್ಕುಬಿಡುತ್ತಿದ್ದರು. ಮಗಳು ಸುನಂದ ಮಾತ್ರ ನಗುತ್ತಿರಲಿಲ್ಲ. ಅವಳಿಗೆ ಕಾರಣ ಗೊತ್ತಿತ್ತು.

ಬಲಗೆನ್ನೆ ಹೊಸದು. ತುಮಕೂರಿನ ಒಂದು ಚರ್ಮ ಸಂಶೋಧನಾ ಕೇಂದ್ರದಲ್ಲಿ ಲೇಸರು ಕಿರಣ ಹಾಯಿಸಿ ಹಳೆಯದನ್ನು ತೆಗೆದಿದ್ದರು. ಗಾಯ ಮಾಯ್ದು, ಹಕ್ಕಳೆ ಉದುರಿದ ಮೇಲೆ ಒಳಗಿನಿಂದ ಬಂದ ಚರ್ಮ ಆಗತಾನೆ ಸುಲಿದ ಹಸಿ ಕಡಲೆಕಾಯಿ ಬೀಜದ ಹಾಗೆ ನುಣ್ಣಗೆ, ನಸುಗೆಂಪಾಗಿತ್ತು. ಎಡಗೆನ್ನೆ ಇನ್ನೂ ಹಳೆಯದೇ. ಅಲ್ಲಿ ಸುಕ್ಕು, ಕಪ್ಪು ಮಚ್ಚೆ, ತೊಗಲಿನಂಥ ಒರಟು ಎಲ್ಲವೂ ಹಾಗೇ ಇದ್ದವು. ಅದಕ್ಕೆ ಲೇಸರು ಬಿಡುವ ದಿನ ಇನ್ನೂ ಬಂದಿರಲಿಲ್ಲ.

"ಮುದ್ದೆ ಮುರ್ಕೊ ಮಾವ, ಆರೋಯ್ತದೆ" ಎಂದು ಓಬಕ್ಕ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

ಗಂಡ ಚಿತ್ತಯ್ಯ ತಟ್ಟೆಯನ್ನು ಮುಟ್ಟಲಿಲ್ಲ. "ನಿಮಗ್ಯಾಕೆ ತಾಯಿ ತೊಂದ್ರೆ? ನಮ್ಮ ಓಬಿ ಬತ್ತಾಳೆ. ಅವಳೇ ಇಕ್ತಾಳೆ."

"ನಾನೇ ಓಬಿ ಕಣ್ ಮಾವ. ಸರ್ಯಾಗಿ ನೋಡು. ಈ ಕಡೆಯಿಂದ ನೋಡು."

ಅವನು ಮರ್ಯಾದಸ್ಥನಂತೆ ಒಮ್ಮೆ ನೋಡಿದ. ನೋಡಿ ತಲೆ ತಗ್ಗಿಸಿದ. "ಓಬಿ ಗುರುತು ನಿಮಗೂ ಐತಾ? ಬಾಯಿ ವಸಿ ಜೋರು. ಮನಸು ಮಾತ್ರ ಚಿನ್ನ ಕಣಮ್ಮ. ಸಿಕ್ಕಿದ್ರೆ, ನಾನು ಇಲ್ಲೇ ಕಾಯ್ತಾ ಇವ್ನಿ ಅಂತ ಹೇಳ್ಬಿಡಿ."

"ಹೇಳ್ತೀನಿ" ಎಂದಳು ಓಬಕ್ಕ. ಅಡುಗೆಮನೆಗೆ ಬಂದು ಮಗಳ ಎದುರು, "ನೋಡೇ, ನಿನ್ನಪ್ಪ ಒಂದು ದಿನಕ್ಕಾದ್ರೂ ನನ್ನ ಎದುರಿಗೆ ಹಿಂಗಂದಿದ್ನಾ? ಅವಳ್ಯಾವಳೋ ಓಬಿ ಅಂತೆ, ಮನಸು ಚಿನ್ನ ಅಂತೆ" ಎಂದು ಮೂಗು ಒರೆಸಿಕೊಂಡಳು. ತನ್ನ ಮೇಲೆ ತನಗೇ ಹೊಟ್ಟೆಕಿಚ್ಚು ಬರುವುದೆಂದರೆ ಇದೇ ಇರಬೇಕು.

"ಅವ್ವ, ಅರ್ಧ ಮುಖ ಆಗೈತೆ. ಇನ್ನರ್ಧ ಆಗ್ಲಿ ತಡಿ" ಎಂದಳು ಸುನಂದ. ಹಾಗೆಂದಳೇ ಹೊರತು ಅವಳಿಗೂ ನಂಬಿಕೆಯಿರಲಿಲ್ಲ. ಓಬಕ್ಕನಿಗೆ ಮಾತ್ರ ಇತ್ತು. ಎಡಗೆನ್ನೆಯೂ ಹೊಸದಾಗಲಿ, ಎರಡೂ ಕಡೆ ಸರಿಹೋಗಲಿ, ಆಗ ಸೆರಗು ತೆಗೆದು ನೆಟ್ಟಗೆ ಅವನ ಮುಂದೆ ಕೂರುತ್ತೇನೆ, ಆಗ ಅವನು 'ಓಬಿ' ಎನ್ನದೆ ಎಲ್ಲಿಗೆ ಹೋಗುತ್ತಾನೆ ಎಂದು ಅವಳು ಆ ಒಂದು ಕರೆಗಾಗಿ ಜೀವ ಹಿಡಿದುಕೊಂಡಿದ್ದಳು.

ಅವರ ಊರಿನ ಬಯಲನ್ನು ಈಗ ನೋಡಿದರೆ, ಅಲ್ಲಿ ಮನುಷ್ಯರು ಕೆಲಸ ಮಾಡುತ್ತಿದ್ದರು ಎಂದು ನಂಬಲು ಕಷ್ಟ. ಕಣ್ಣು ಹರಿದಷ್ಟು ದೂರ ಸೋಲಾರ್ ಪ್ಯಾನೆಲ್ಲುಗಳ ಸಾಲು. ಸಾಲುಗಳ ಮೇಲೆ ರೋಬೋಟುಗಳು ಬ್ರಷ್ಷು ಉಜ್ಜುತ್ತ ತೆವಳುತ್ತವೆ. ಸುನಂದ ಕಂಟ್ರೋಲ್ ರೂಮಿನ ತಂಪಿನಲ್ಲಿ ಕೂತು ಅವುಗಳ ಮೇಲೆ ಕಣ್ಣಿಡುತ್ತಾಳೆ. ಅವಳ ತಾಯಿಯ ಕಾಲದಲ್ಲಿ ಅದೇ ಪ್ಯಾನೆಲ್ಲುಗಳನ್ನು ಜನ ಜೋಡಿಜೋಡಿಯಾಗಿ ತೊಳೆಯುತ್ತಿದ್ದರು. ಒಬ್ಬರು ಪೈಪು ಹಿಡಿದು ನೀರು ಬಿಡಬೇಕು, ಪಕ್ಕದಲ್ಲೇ ಇನ್ನೊಬ್ಬರು ಉದ್ದ ಕೋಲಿನ ವೈಪರು ಎಳೆಯುತ್ತ ನಡೆಯಬೇಕು. ಮಧ್ಯಾಹ್ನ ಕಾದ ಗಾಜಿಗೆ ನೀರು ಬಿದ್ದರೆ ಗಾಜು ಬಿರಿಯುತ್ತದೆಂದು ಕೆಲಸವೆಲ್ಲ ಬೆಳಿಗ್ಗೆ ಮತ್ತು ಸಂಜೆ. ಹಾಗಾಗಿ ಬಿಸಿಲು ನೆತ್ತಿಗಲ್ಲ, ನೇರವಾಗಿ ಕೆನ್ನೆಗೆ ಹೊಡೆಯುತ್ತಿತ್ತು.

ಓಬಕ್ಕನ ಪೈಪಿನವನು ಚಿತ್ತಯ್ಯನೇ. ಅವನು ಅವಳ ತಾಯಿಯ ಕೊನೆಯ ತಮ್ಮ, ಆದ್ದರಿಂದ ಮದುವೆಗೆ ಮುಂಚೆಯೂ ಮಾವ, ಆಮೇಲೂ ಮಾವ. ತುಂಬ ಎತ್ತರದ, ಮಾತು ಕಡಿಮೆಯ ಮನುಷ್ಯ. ಬಹಳ ವರ್ಷ ಅವರಿಬ್ಬರೂ ಜೊತೆಯಲ್ಲಿ ತೊಳೆದರು. ಕೊನೆಕೊನೆಗೆ ಅವನನ್ನು ನೀರಿನ ಟ್ಯಾಂಕಿನ ಮೇಲಿನ ಕೆಲಸಕ್ಕೆ ಹಾಕಿದರು. ಯಾಕೆ ಹಾಕಿದರೆಂಬ ಮಾತನ್ನು ಓಬಕ್ಕ ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ಅಲ್ಲಿ ಎರಡನೆಯ ಬೇಸಿಗೆಯಲ್ಲಿ ಬಿಸಿಲು ತಲೆಗೆ ಹೊಡೆದು ಬಿದ್ದ. ಎದ್ದವನಿಗೆ ಕೈಕಾಲು ಸರಿಯಿತ್ತು, ಮಾತೂ ಸರಿಯಿತ್ತು. ಹತ್ತಿರದ ವರ್ಷಗಳು ಮಾತ್ರ ಅಳಿಸಿಹೋಗಿದ್ದವು. ಮದುವೆಯಾದ ಹೊಸತರ ಓಬಿ ಅವನ ತಲೆಯಲ್ಲಿ ಉಳಿದಿದ್ದಳು. ಎದುರಿಗೆ ನಿಂತ ಓಬಕ್ಕ ಯಾರೋ ಪರಸ್ಥಳದ ತಾಯಿಯಾದಳು.

ಅಂಥ ಹೊತ್ತಿನಲ್ಲಿ ಸಂಶೋಧನಾ ಕೇಂದ್ರದ ಜೀಪು ಊರಿಗೆ ಬಂತು. ಬಿಸಿಲಿನಲ್ಲಿ ದುಡಿದು ಮುಖ ಬೇಗ ಮುದಿಯಾದವರು ಬೇಕು, ಎರಡು ಬಗೆಯ ಲೇಸರುಗಳಲ್ಲಿ ಯಾವುದು ಮೇಲು ಎಂದು ನೋಡಬೇಕು ಎಂದರು. ತೊಳೆಯುವ ಕೆಲಸ ಮಾಡಿದ್ದ ಹೆಂಗಸರು ನಗಾಡುತ್ತ, ಒಬ್ಬರನ್ನೊಬ್ಬರು ಚುಡಾಯಿಸುತ್ತ ಹೆಸರು ಕೊಟ್ಟರು. ಓಬಕ್ಕ ಡಾಕ್ಟರನ್ನು ಕೇಳಿದ್ದು ಒಂದೇ ಮಾತು: "ನನ್ನ ಮೊದ್ಲಿನ ಮುಖ ಬತ್ತದಾ?"

ಡಾಕ್ಟರ್ ತಬಸ್ಸುಮ್ ಸುಳ್ಳು ಹೇಳುವವರಲ್ಲ. "ಪೂರ್ತಿ ಬರಲ್ಲಮ್ಮ. ಹತ್ತಿರ ಹತ್ತಿರ ಬರುತ್ತೆ."

"ಹತ್ರ ಬಂದ್ರೆ ಸಾಕು. ಮಿಕ್ಕಿದ್ದು ಅವನೇ ನೆಪ್ಪು ಮಾಡ್ಕೋತಾನೆ."

ಲೇಸರುಗಳಿಗೆ ಉದ್ದುದ್ದ ಹೆಸರುಗಳಿದ್ದವು. ಹೆಂಗಸರು ಅವಕ್ಕೆ 'ಸುಲಿಯೋದು', 'ಚುಚ್ಚೋದು' ಎಂದು ಹೆಸರಿಟ್ಟರು. ಕ್ರಮೇಣ ಡಾಕ್ಟರೂ ಹಾಗೆಯೇ ಕರೆಯತೊಡಗಿದರು. ಸುಲಿಯುವುದು ಚರ್ಮದ ಮೇಲ್ಪದರವನ್ನು ಇಡಿಯಾಗಿ ಆವಿ ಮಾಡಿ ತೆಗೆಯುತ್ತದೆ. ಉರಿ ಜಾಸ್ತಿ, ಮಾಯುವುದು ನಿಧಾನ. ಚುಚ್ಚುವುದು ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳನ್ನು ಕೊರೆದು ನಡುನಡುವೆ ಒಳ್ಳೆಯ ಚರ್ಮವನ್ನು ಉಳಿಸುತ್ತದೆ. ಆ ಉಳಿದದ್ದು ಸುಟ್ಟದ್ದನ್ನು ಬೇಗ ಮುಚ್ಚುತ್ತದೆ. ಒಬ್ಬರ ಮುಖಕ್ಕೂ ಇನ್ನೊಬ್ಬರ ಮುಖಕ್ಕೂ ಹೋಲಿಕೆ ಸಲ್ಲದು. ಆದ್ದರಿಂದ ಒಂದೇ ಮುಖದ ಒಂದು ಕೆನ್ನೆಗೆ ಒಂದು, ಇನ್ನೊಂದು ಕೆನ್ನೆಗೆ ಇನ್ನೊಂದು. ಎರಡಕ್ಕೂ ಒಂದೇ ದಿನ ಬಿಟ್ಟರೆ ಮಗ್ಗುಲಾಗಿ ಮಲಗಲು ಕೆನ್ನೆಯೇ ಉಳಿಯುವುದಿಲ್ಲವಲ್ಲ! ಹಾಗಾಗಿ ಮೊದಲು ಬಲ, ಅದು ಮಾಯ್ದ ಮೇಲೆ ಎಡ.

ಲೇಸರು ಬಿಡುವ ಮುಂಚೆ ಎಲ್ಲರ ಮುಖವನ್ನೂ ಇನ್ನೊಂದು ಯಂತ್ರ ಓದುತ್ತಿತ್ತು. ಅದು ಈ ಕೇಂದ್ರದವರೇ ಕಟ್ಟಿದ ಹೊಸ ಯಂತ್ರ, ಬಿಸಿಲೋದುಗ. ಬಿಸಿಲಿಗೆ ಕಪ್ಪಾದ ಮೇಲುಚರ್ಮ ಉದುರಿಹೋಗುತ್ತದೆ. ಅದರ ಕೆಳಗೆ ಚರ್ಮವನ್ನು ಬಿಗಿಹಿಡಿದ ಎಳೆಗಳಿವೆ. ಅವು ಒಂದೊಂದು ಬೇಸಿಗೆಗೂ ಒಂದಿಷ್ಟು ಹರಿದು ಗಂಟುಗಟ್ಟಿ ಅಲ್ಲೇ ಉಳಿಯುತ್ತವೆ, ಹಳೆಯದು ಕೆಳಗೆ, ಹೊಸದು ಮೇಲೆ. ನೀಲಿ ಬೆಳಕು ಬಿಟ್ಟರೆ ಆ ಗಂಟುಗಳು ಮಿನುಗುತ್ತವೆ. ಮಿನುಗನ್ನು ಪದರ ಪದರವಾಗಿ ಲೆಕ್ಕ ಹಾಕಿದರೆ, ಯಾವ ಕಾಲದಲ್ಲಿ ಮುಖದ ಯಾವ ಭಾಗಕ್ಕೆ ಎಷ್ಟು ಬಿಸಿಲು ಬಿದ್ದಿತ್ತು ಎಂಬುದು ಪರದೆಯ ಮೇಲೆ ಮೂಡುತ್ತದೆ. ಬಿಸಿಲು ತಿಂದದ್ದು ಬೆಳ್ಳಗೆ, ನೆರಳಿನಲ್ಲಿ ಉಳಿದದ್ದು ಕಡುನೀಲಿ. ಲೇಸರಿನ ಉರಿ ಎಷ್ಟಿರಬೇಕೆಂದು ತಿಳಿಯಲು ಕಟ್ಟಿದ್ದ ಯಂತ್ರ ಅದು. ಇನ್ನೇನನ್ನೋ ತೋರಿಸೀತೆಂದು ಯಾರೂ ಅಂದುಕೊಂಡಿರಲಿಲ್ಲ.

ಬಲಗೆನ್ನೆ ಮಾಯುವವರೆಗೆ ಓಬಕ್ಕ ಮನೆಯಿಂದ ಹೊರಬೀಳುವಂತಿರಲಿಲ್ಲ. ಹೊಸ ಚರ್ಮ ಕೂಸಿನ ಹಾಗೆ, ಅದಕ್ಕೆ ಬಿಸಿಲು ತಾಕಿಸಲೇಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಚಿತ್ತಯ್ಯನನ್ನು ಸಂಜೆ ಸೋಲಾರ್ ಬಯಲಿನ ಬೇಲಿಯ ದಾರಿಯಲ್ಲಿ ಅಡ್ಡಾಡಿಸುವ ಕೆಲಸ ಸುನಂದಳದಾಯಿತು. ಅವಳನ್ನು ಅವನು ಯಾರೋ ಊರ ಹುಡುಗಿ ಎಂದುಕೊಂಡಿದ್ದ. ಅದಕ್ಕೆ ಮುಂಚೆಯಾದರೂ ಓಬಕ್ಕ ಕರೆದರೆ ಅವನು ಎಲ್ಲಿ ಬರುತ್ತಿದ್ದ? "ಬ್ಯಾಡ ತಾಯಿ, ಊರೋರು ನೋಡಿದ್ರೆ ಏನಂದಾರು? ನಮ್ಮ ಓಬಿ ಕಿವಿಗೆ ಬಿದ್ರೆ ನನ್ನ ಗತಿ ಮುಗೀತು" ಎಂದು ಕೈಮುಗಿದುಬಿಡುತ್ತಿದ್ದ.

"ಅಪ್ಪಂಗೆ ಪಕ್ಕದಾಗೆ ಬಾ ಅಂದ್ರೆ ಬರಲ್ಲ ಕಣವ್ವ. ಕುರಿಮರಿ ಬಂದಂಗೆ ನನ್ನ ಹಿಂದೆ ಹಿಂದೆನೇ ಬತ್ತಾನೆ" ಎಂದು ಸುನಂದ ದಿನಾ ಬಂದು ವರದಿ ಒಪ್ಪಿಸುತ್ತಿದ್ದಳು. ಓಬಕ್ಕ ಬಾಗಿಲ ಸಂದಿಯಿಂದ ಇಬ್ಬರೂ ಹೋಗುವುದನ್ನೂ ಬರುವುದನ್ನೂ ನೋಡುತ್ತ ನಿಲ್ಲುತ್ತಿದ್ದಳು. ಜೊತೆಗೆ ನಡೆಯಬೇಕೆಂಬ ಆಸೆಗೆ ಕಾಲು ತಾವಾಗಿಯೇ ತುಡಿಯುತ್ತಿದ್ದವು.

ಕೊನೆಗೂ ಎಡಗೆನ್ನೆಯ ದಿನ ಬಂತು. ಓಬಕ್ಕ ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೊರಟಳು. ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಂಡಿದ್ದಾಗ ಡಾಕ್ಟರ್ ತಬಸ್ಸುಮ್ ಲೇಸರಿನ ಬದಲು ಒಂದು ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು.

"ಓಬಕ್ಕ, ನಮ್ಮ ಕಡೆಯಿಂದ ಒಂದು ತಪ್ಪಾಗಿದೆ. ಯಾವ ಕೆನ್ನೆಗೆ ಯಾವ ಲೇಸರು ಅಂತ ಚೀಟಿ ಎತ್ತಿ ನೋಡಬೇಕಿತ್ತು. ಈ ಕುರ್ಚಿ ಗೋಡೆಗೆ ಅಂಟಿದೆ ನೋಡಿ, ಸುಲಿಯೋ ಯಂತ್ರದ ತೋಳು ಎಡಗಡೆಗೆ ಎಟುಕಲ್ಲ. ಅದಕ್ಕೆ ನಮ್ಮವರು ಎಲ್ಲರಿಗೂ ಬಲಕ್ಕೆ ಸುಲಿಯೋದು, ಎಡಕ್ಕೆ ಚುಚ್ಚೋದು ಅಂತ ಮಾಡಿಬಿಟ್ಟಿದ್ದಾರೆ. ಎರಡೂ ಕೆನ್ನೆ ಮುಗಿದವರಲ್ಲಿ ಬಲಗೆನ್ನೆಗಳೇ ಚೆನ್ನಾಗಿ ಬಂದವು, ಸುಲಿಯೋದೇ ಮೇಲು ಅಂತ ನಾವು ಬೀಗ್ತಾ ಇದ್ವಿ."

ಎಷ್ಟೇ ಓದಿದವರಾದರೂ ಒಂದು ಕುರ್ಚಿ ಸರಿಸಲು ಸೋಮಾರಿತನವಾದರೆ ಹೀಗೇ ಆಗುವುದು. ಓಬಕ್ಕ ಹಾಗೆ ಅನ್ನಲಿಲ್ಲ. "ಅಲ್ವಂತಾ?" ಎಂದಳು.

"ಅಲ್ಲ. ನಿಮ್ಮೂರಿನ ವೈಪರಿನ ಹೆಂಗಸರಿಗೆಲ್ಲ ಮೊದಲಿನಿಂದಲೂ ಬಲಗೆನ್ನೆಗೆ ಬಿಸಿಲು ಕಡಿಮೆ, ಎಡಗೆನ್ನೆಗೆ ಜಾಸ್ತಿ. ಯಾಕೆ ಅಂತ ವಿಚಾರಿಸಿದೆ. ನೀವೆಲ್ಲ ದಕ್ಷಿಣದಿಂದ ಉತ್ತರಕ್ಕೇ ತೊಳೀತಾ ಹೋಗ್ತಿದ್ರಂತೆ. ಟ್ಯಾಂಕರು ಬಲಗಡೆ ಇರ್ತಿತ್ತು, ಪೈಪಿನವರು ನಿಮ್ಮ ಬಲಕ್ಕೇ ನಡೀಬೇಕು ಅಂತ ಕಾಯಿದೆ. ಬೆಳಗಿನ ಬಿಸಿಲು ಬರೋದು ಬಲದಿಂದ, ಅದಕ್ಕೆ ಪೈಪಿನವರೇ ಅಡ್ಡ ಆಗ್ತಿದ್ರು. ಸಂಜೆ ಬಿಸಿಲು ಎಡಗಡೆಯಿಂದ, ಅದಕ್ಕೆ ಯಾರೂ ಅಡ್ಡ ಇರ್ತಿರಲಿಲ್ಲ. ಇಷ್ಟೇ ವಿಷಯ. ಆದರೆ ನಿಮ್ಮೊಬ್ಬರ ಮುಖ ಈ ಲೆಕ್ಕಕ್ಕೆ ಸಿಗ್ತಾ ಇಲ್ಲ."

ಲೇಸರಿಗೆ ಮುಂಚೆ ಬಿಸಿಲೋದುಗ ಓದಿದ್ದ ಮುಖಗಳ ಪರದೆಯನ್ನು ಡಾಕ್ಟರು ಅವಳ ಕಡೆ ತಿರುಗಿಸಿದರು. ಬೇರೆಯವರ ಮುಖಗಳು ಒಂದು ಕಡೆ ನೀಲಿ, ಇನ್ನೊಂದು ಕಡೆ ಬಿಳಿ. ಓಬಕ್ಕನದು ಎರಡೂ ಕಡೆ ನೀಲಿ. ಎಡಗೆನ್ನೆಯ ಮೇಲಿನ ಒಂದು ತೆಳುಪದರ ಮಾತ್ರ ಬೆಳ್ಳಗಿತ್ತು.

"ನೋಡಿ, ಆ ತೆಳುಪದರ ತೀರಾ ಈಚಿನದು. ಅದರ ಕೆಳಗೆ, ಅಷ್ಟೂ ವರ್ಷ, ಸಂಜೆ ಹೊತ್ತು ನಿಮ್ಮ ಎಡಗೆನ್ನೆ ಮೇಲೆ ಯಾರದೋ ನೆರಳಿದೆ. ನಿಮ್ಮ ಪೈಪಿನವರು ಯಾರಿದ್ರು?"

"ನಮ್ಮ ಯಜಮಾನ."

"ಅವರು ಸಂಜೆ ಯಾವ ಕಡೆ ನಡೀತಿದ್ರು?"

"ಅಯ್ಯೋ, ಅದನ್ನ ಯಾಕ್ ಕೇಳ್ತೀರಾ ಡಾಕ್ಟ್ರಮ್ಮ!" ಓಬಕ್ಕನಿಗೆ ಹಳೆಯ ಸಿಟ್ಟು ನೆನಪಾಗಿ ನಗು ಬಂತು. "ಬೆಳಿಗ್ಗೆ ಸರ್ಯಾಗೇ ನಡೆಯೋನು. ಸಾಯಂಕಾಲ ಆಯ್ತು ಅಂದ್ರೆ ಅದೇನು ಬಡ್ಕೋತಿತ್ತೋ, ಪೈಪು ಎಳ್ಕೊಂಡು ಎಡಗಡೆಗೇ ಬರೋನು. ಪೈಪು ನನ್ನ ಕಾಲಿಗೆ ತೊಡರೋದು, ಸೀರೆಯೆಲ್ಲ ನೆನೆಯೋದು. ಬಲಗಡೆ ನಡಿ ಮಾವ ಅಂತ ದಿನಾ ಬಾಯ್ ಬಡ್ಕೋತಿದ್ದೆ. ಸೂಪರ್‌ವೈಸರೂ ಬಯ್ಯೋನು. ಯಾಕೆ ಹಿಂಗ್ಮಾಡ್ತೀಯಾ ಅಂದ್ರೆ, ಪೈಪು ಅಲ್ಲೇ ಸಿಕ್ಕಾಕ್ಕೊಂಡಿತ್ತು ಕಣೆ ಅನ್ನೋನು. ದಿನಾ ಸಾಯಂಕಾಲವೇ ಸಿಕ್ಕಾಕ್ಕೋತದಾ ಪೈಪು? ಒಂದಿನ ಅದೇ ಪೈಪು ತೊಡರಿ ಬಿದ್ದು ಮೊಣಕಾಲು ಒಡ್ಕೊಂಡೆ. ರೇಗೋಯ್ತು. ನೆಟ್ಟಗೆ ಸೂಪರ್‌ವೈಸರ್ ತಾವ ಹೋಗಿ, ಇವನ ಜೊತೆ ನನ್ನ ಕೈಲಾಗಲ್ಲ, ಬ್ಯಾರೆ ಯಾರನ್ನಾದ್ರೂ ಕೊಡಿ ಅಂದೆ. ಅವನ್ನ ಟ್ಯಾಂಕಿನ ಮ್ಯಾಲಕ್ಕೆ..."

ಓಬಕ್ಕ ಪರದೆಯನ್ನೇ ನೋಡಿದಳು. ಮೇಲೆ ಆ ಬಿಳಿ ತೆಳುಪದರ, ಅವನನ್ನು ಟ್ಯಾಂಕಿಗೆ ಕಳಿಸಿದ ಮೇಲಿನ ಬಿಸಿಲು. ಅದರ ಕೆಳಗೆ ಕಡುನೀಲಿ, ಕಡುನೀಲಿ, ಕಡುನೀಲಿ.

"ಪೈಪು ಸಿಕ್ಕಾಕ್ಕೊಂಡಿರ್ಲಿಲ್ಲ" ಎಂದಳು ಮೆಲ್ಲಗೆ.

ಡಾಕ್ಟರು ಅವಳ ಕೈಯನ್ನು ಹಿಡಿದುಕೊಂಡರು.

ಓಬಕ್ಕ ಅತ್ತಳು. ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಆಮೇಲೆ ಗೊಳೋ ಎಂದು. "ನನ್ನ ಮುಖಕ್ಕೆ ಬಿಸಿಲು ಹೊಡೀತದೆ ಅಂತ ಒಂದು ಮಾತು ಬಾಯಿ ಬಿಟ್ಟು ಹೇಳಿದ್ದಿದ್ರೆ ಇವನ ಗಂಟೇನು ಹೋಗೋದು? ಸುಮ್ನೆ ಬೈಸ್ಕೊಂಡನಲ್ಲಾ! ನಾನೇ ಅವನ್ನ ದೂರ ತಳ್ಳಿ, ಒಂಟಿ ಬಿಸಿಲಿಗೆ ಹಾಕ್ಬಿಟ್ನಲ್ಲಾ!" ಅಷ್ಟು ವರ್ಷ ಅವನ ನೆರಳಿನಲ್ಲಿ ನಡೆದೂ ಒಂದು ದಿನ ತಲೆಯೆತ್ತಿ ನೋಡಿರಲಿಲ್ಲ. ಅವನು ಈಗಲೇ ಎದುರಿಗೆ ಬೇಕೆನಿಸಿತು. ಬಯ್ಯಬೇಕೆನಿಸಿತು, ಕೈ ಹಿಡಿಯಬೇಕೆನಿಸಿತು.

ಅಳು ಇಳಿದ ಮೇಲೆ ಹೊಸ ಬಲಗೆನ್ನೆಯನ್ನು ಮುಟ್ಟಿಕೊಂಡು ಕೇಳಿದಳು: "ಈ ಕಡೇದು ಹೋಯ್ತಾ?"

"ಹೋಯ್ತು, ಓಬಕ್ಕ. ಸುಲಿಯೋದು ಆಳಕ್ಕೆ ಹೋಗುತ್ತೆ."

"ಅದೇನೋ ಕಂಪನಿ ಕಾಯಿದೆ ನೆರಳು, ಎಲ್ಲರಿಗೂ ಇದ್ದಿದ್ದೇ. ಹೋದ್ರೆ ಹೋಗ್ಲಿ. ಈಗ ಎಡಕ್ಕೆ ಚುಚ್ಚಿದ್ರೆ ಇದೂ ಹೋಯ್ತದಾ?"

"ನಿಧಾನಕ್ಕೆ ಹೋಗುತ್ತೆ. ಹೊಸ ಎಳೆ ಹುಟ್ಟಿದ ಹಾಗೆ ಹಳೇದು ಕರಗುತ್ತೆ. ಹೊಸ ಚರ್ಮಕ್ಕೆ ಹಳೇ ನೆರಳು ಗೊತ್ತಿರಲ್ಲ." ಡಾಕ್ಟರು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ಚುಚ್ಚಿದರೆ ನಿಮಗೆ ಬೇಕಾಗಿದ್ದ ಮುಖ ಬರುತ್ತೆ. ಬೇಡ ಅಂದರೆ ನಾವ್ಯಾರೂ ಬಲವಂತ ಮಾಡಲ್ಲ. ನಿಮ್ಮಿಷ್ಟ."

ಓಬಕ್ಕನಿಗೆ ಆ ಗಳಿಗೆಯಲ್ಲಿ ಎರಡೂ ಬೇಕಾಗಿದ್ದವು. ಅವನು ಗುರುತು ಹಿಡಿಯುವ ಮುಖವೂ ಬೇಕು, ಅವನ ನೆರಳು ಉಳಿದ ಕೆನ್ನೆಯೂ ಬೇಕು. ಇರುವುದು ಒಂದೇ ಕೆನ್ನೆ. "ನಾಳೆ ಹೇಳ್ತೀನಿ" ಎಂದು ಎದ್ದು ಬಂದಳು.

ಊರು ಮುಟ್ಟುವಾಗ ಸಂಜೆಯಾಗಿತ್ತು. ಚಿತ್ತಯ್ಯ ಜಗುಲಿಯ ಮೇಲೆ ಕೂತಿದ್ದ. ಸುನಂದ ಅವನ ಚಪ್ಪಲಿ ಜೋಡಿಸುತ್ತಿದ್ದಳು. ಓಬಕ್ಕ ಅವನ ಮುಖವನ್ನು ಅಂದು ಹೊಸದಾಗಿ ನೋಡಿದಳು. ಎರಡು ಕೆನ್ನೆಯೂ ಸುಟ್ಟು ಕರಕಲಾಗಿದ್ದವು. ಬೆಳಗಿನದೂ ಅವನೇ ತಿಂದಿದ್ದ, ಸಂಜೆಯದೂ ಅವನೇ ತಿಂದಿದ್ದ.

"ಇವತ್ತು ನಾನು ಕರ್ಕೊಂಡು ಹೋಯ್ತೀನಿ" ಎಂದಳು ಮಗಳಿಗೆ.

"ಬಿಸಿಲೈತಲ್ಲವ್ವ! ಡಾಕ್ಟ್ರು ಬ್ಯಾಡ ಅಂದವ್ರೆ. ಅಲ್ದೆ ಅಪ್ಪ ನಿನ್ನ ಜೊತೆ ಬರಲ್ಲ."

ಓಬಕ್ಕ ಬಲಗೆನ್ನೆಗೆ ಸೆರಗು ಬಿಗಿದುಕೊಂಡು ಗಂಡನ ಮುಂದೆ ನಿಂತಳು. "ಅಯ್ಯಾ, ನಿಮ್ಮ ಓಬಿ ಕಳಿಸವಳೆ. ಬೇಲಿ ತಾವಕ್ಕೆ ಕರ್ಕೊಂಡು ಬಾ ಅಂದ್ಲು."

ಚಿತ್ತಯ್ಯನ ಮುಖ ಅರಳಿತು. "ಓಬಿನಾ? ಮೊದ್ಲೇ ಹೇಳಬಾರ್ದಾ ತಾಯಿ!" ಎಂದು ತಡಮಾಡದೆ ಎದ್ದ.

ಬೇಲಿಯ ದಾರಿ ಉತ್ತರಕ್ಕೆ ಹೋಗುತ್ತಿತ್ತು. ಪ್ಯಾನೆಲ್ಲುಗಳೆಲ್ಲ ಪಡುವಣಕ್ಕೆ ಮುಖ ಮಾಡಿದ್ದವು. ಓಬಕ್ಕ ಬೇಕೆಂದೇ ದಾರಿಯ ನಡುವೆ ನಡೆದಳು. ಚಿತ್ತಯ್ಯ ಮೊದಲು ಅವಳ ಬಲಕ್ಕಿದ್ದ. ಸೂರ್ಯ ಅವಳ ಎಡಗೆನ್ನೆಗೆ ನೇರವಾಗಿ ಹೊಡೆಯುತ್ತಿದ್ದ. ಅವಳು ಸೆರಗು ಸರಿಪಡಿಸಿಕೊಳ್ಳಲಿಲ್ಲ, ಆ ಕಡೆ ನೋಡಲೂ ಇಲ್ಲ. ನೋಡಲು ಧೈರ್ಯವಿರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಚಿತ್ತಯ್ಯ ಹೆಜ್ಜೆ ನಿಧಾನ ಮಾಡಿದ. ಅವಳ ಬೆನ್ನ ಹಿಂದಿನಿಂದ ಬಳಸಿ ಎಡಗಡೆಗೆ ಬಂದ. ಕೆನ್ನೆ ತಣ್ಣಗಾಯಿತು.

ಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸುನಂದ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ತನ್ನ ಜೊತೆ ಒಂದು ದಿನವೂ ಪಕ್ಕಕ್ಕೆ ಬಾರದವನು!

ಓಬಕ್ಕ ಹಳೆಯ ದನಿಯನ್ನು ಹೇಗೋ ಎಳೆದು ತಂದಳು. "ಏನ್ ಮಾವ! ಬಲಗಡೆ ನಡಿ ಅಂತ ಎಷ್ಟ್ ಸಲ ಬಡ್ಕೋಬೇಕು ನಿಂಗೆ? ಯಾಕ್ ಈ ಕಡೆ ಬಂದೆ?"

ಚಿತ್ತಯ್ಯ ಅವಳ ಕಡೆ ತಿರುಗಲಿಲ್ಲ. ಎದುರಿನ ದಾರಿಯನ್ನೇ ನೋಡುತ್ತ, ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಗೊಣಗಿದ:

"ಪೈಪು ಅಲ್ಲೇ ಸಿಕ್ಕಾಕ್ಕೊಂಡಿತ್ತು ಕಣೆ."

ಅವನ ಕೈಯಲ್ಲಿ ಪೈಪಿರಲಿಲ್ಲ. ತಾಯಿ ಅನ್ನಲಿಲ್ಲ, ಅಮ್ಮ ಅನ್ನಲಿಲ್ಲ, ಕಣೆ ಅಂದ. ಓಬಕ್ಕ ಮತ್ತೇನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಅವನು ತಿರುಗಿ 'ನೀವ್ಯಾರು ತಾಯಿ' ಅಂದುಬಿಡುತ್ತಾನೋ ಎಂದು, ಉಸಿರು ಬಿಗಿಹಿಡಿದು ಬೇಲಿಯ ಕೊನೆಯವರೆಗೂ ನಡೆದಳು. ನಾಳೆ ಡಾಕ್ಟರಿಗೆ ಏನು ಹೇಳಬೇಕೆಂಬುದು ಅಷ್ಟರಲ್ಲಿ ತೀರ್ಮಾನವಾಗಿತ್ತು. ಎಡಗೆನ್ನೆ ಹಾಗೇ ಇರಲಿ. ಅವನಿಗೆ ಗುರುತಿರುವುದು ಮುಖವಲ್ಲ.

ಬೇಲಿಯ ಕೊನೆಯಲ್ಲಿ ಇಬ್ಬರೂ ಮನೆಯ ಕಡೆ ತಿರುಗಿದರು. ಈಗ ಬಿಸಿಲು ಬಲಕ್ಕೆ ಬಂತು. ಓಬಕ್ಕ ಕಾಲು ತಡೆದು ನಿಂತಳು. ಚಿತ್ತಯ್ಯ ಏನೂ ಆಗಿಲ್ಲವೆಂಬಂತೆ ಅವಳನ್ನು ಬಳಸಿಕೊಂಡು ಬಲಗಡೆಗೆ ಬಂದು ನಿಂತ. ಆಗ ಅವಳು ಸೆರಗನ್ನು ಪೂರ್ತಿ ಹಿಂದಕ್ಕೆ ಸರಿಸಿ, ಹೊಸ ಕೆನ್ನೆಯನ್ನೂ ಅವನ ನೆರಳಿಗೆ ಕೊಟ್ಟು, ನಿಧಾನಕ್ಕೆ ಮನೆಯ ಕಡೆ ಹೆಜ್ಜೆ ಹಾಕಿದಳು.